ಹಣೆಗೆ ಇಟ್ಟ ಉಕ್ಕಿನ ಕವೆ

ಸಿದ್ದರಬೆಟ್ಟದ ನೆತ್ತಿಯ ಮೇಲೆ ಇರುವೆಯೊಂದು ಸೀನಿದರೆ, ಕೊರಟಗೆರೆಯ ತನ್ನ ಜಗಲಿಯಲ್ಲಿ ಕೂತ ಕರಿಬಸಮ್ಮ "ನೂರು ವರ್ಷ ಬಾಳು" ಎಂದು ಹರಸುತ್ತಿದ್ದಳು. ಅಂಥ ಕಿವಿ ಅವಳದು. ಹಾಗಂತ ಅವಳೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಯಾರಾದರೂ ಹುಬ್ಬು ಹಾರಿಸಿದರೆ, "ಅರ್ಧ ಸುಳ್ಳು ಅಂತ್ಲೇ ಇಟ್ಕಳಿ. ಇರುವೆ ಸೀನಲ್ಲ, ಒಪ್ಕಂಡೆ. ಆದ್ರೆ ಬೆಟ್ಟ ಐತಲ್ಲ? ನಾನೂ ಇದೀನಲ್ಲ? ಉಳಿದರ್ಧ ನಿಜ ಆಯ್ತಲ್ಲ!" ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಅಂಥವಳ ಮೊಮ್ಮಗಳಿಗೇ ಕಿವಿ ಮಂದವಾಗಬೇಕೆ!

ಮಗಳು ಪ್ಲೇಗಿನಲ್ಲಿ ಹೋದ ಮೇಲೆ ಆ ಕೂಸನ್ನು ಎದೆಗವಚಿಕೊಂಡು ಸಾಕಿದವಳು ಕರಿಬಸಮ್ಮ. ದಾಕ್ಷಾಯಣಮ್ಮ ಎಂದು ಹೆಸರಿಟ್ಟು, ದಾಕ್ಷಿ ಎಂದು ಕರೆದು, ಸಿರಾದಲ್ಲಿ ಕಂಬಳಿ ವ್ಯಾಪಾರ ಮಾಡುವ ಮಹಾಲಿಂಗಯ್ಯನ ಮಗ ಶಂಕರಲಿಂಗಪ್ಪನಿಗೆ ಧಾರೆ ಎರೆದಿದ್ದಳು. ಚಿಕ್ಕಂದಿನಲ್ಲಿ ಹುಡುಗಿಯ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಬಿಟ್ಟು, ಸೋರುವುದು ನಿಂತಿತು. ನಿಂತಿತಲ್ಲ, ಇನ್ನೇನು ಎಂದುಕೊಂಡಿದ್ದರು. ಈಗ ಎಡಗಿವಿ ಅಷ್ಟಿಷ್ಟು ಕೇಳುತ್ತಿತ್ತು, ಬಲಗಿವಿ ಪೂರ್ತಿ ಮಂಕು.

ಅತ್ತೆ ಬಸವಮ್ಮ ಅಡುಗೆಮನೆಯಿಂದ ಕೂಗಿದರೆ ಹಿತ್ತಲಲ್ಲಿದ್ದ ದಾಕ್ಷಿ ತಿರುಗುತ್ತಿರಲಿಲ್ಲ. ಮೊದಮೊದಲು ಅದನ್ನು ಸೊಕ್ಕು ಎಂದರು. ಆಮೇಲೆ ಕಿವುಡು ಎಂದರು. ಸೊಕ್ಕಾಗಿದ್ದರೆ ಬೈದು ಇಳಿಸಬಹುದಿತ್ತು, ಕಿವುಡನ್ನು ಏನು ಮಾಡುವುದು? ದಾಕ್ಷಿಯನ್ನು ಕೊರಟಗೆರೆಗೆ ಕಳಿಸಿಬಿಟ್ಟರು. ಅವಳ ಹಿಂದೆಯೇ ಮಹಾಲಿಂಗಯ್ಯ ಹೇಳಿ ಕಳಿಸಿದ ಮಾತೂ ಬಂತು: ಮಧುಗಿರಿಯಲ್ಲಿ ಜಯರಾಮಯ್ಯ ಅಂತ ಒಬ್ಬ ಡಾಕ್ಟರು ಕಿವಿ ನೋಡುವುದರಲ್ಲಿ ಗಟ್ಟಿಗರಂತೆ. ಎಲ್ಲರೂ ಅಲ್ಲಿ ಸೇರೋಣ. ವಾಸಿಯಾಗುತ್ತೆ ಅಂದರೆ ಸೊಸೆಯನ್ನು ಅಲ್ಲಿಂದಲೇ ಕರೆದುಕೊಂಡು ಹೋಗುತ್ತೇವೆ. ಆಗುವುದಿಲ್ಲ ಅಂದರೆ ಮಗನಿಗೆ ಪಾವಗಡದ ಕಡೆ ಇನ್ನೊಂದು ಹೆಣ್ಣು ನೋಡಿದ್ದೇವೆ, ಬೀಗಿತಿ ಬೇಜಾರು ಮಾಡಿಕೊಳ್ಳಬಾರದು.

"ಬೇಜಾರು ಮಾಡ್ಕಬಾರದಂತೆ!" ಕರಿಬಸಮ್ಮ ಜಗಲಿಯ ಮೇಲಿಂದ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಹೂಂ, ಸವತಿ ಬರೋವಾಗ ನಾನೇ ಆರತಿ ತಟ್ಟೆ ಹಿಡ್ಕಂಡು ನಿಂತ್ಕತೀನಿ ಅಂತ ಹೇಳು ಹೋಗು!"

ಕೂಗಿ ಆಯಿತು. ಆದರೆ ಬೆಳಗಾಗುವುದನ್ನೇ ಕಾದಳು.

ಜಯರಾಮಯ್ಯ ಡಾಕ್ಟರು ಏನು ಮಾಡುತ್ತಾರೆ ಎಂದು ತಿಳಿಯಲು ಸೊಪ್ಪು ಮಾರುವ ಮುನಿಯಮ್ಮನನ್ನು ಹಿಡಿದಳು. ಮುನಿಯಮ್ಮ ತನ್ನ ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದಿದ್ದಳು.

"ಒಂದು ಉಕ್ಕಿನ ಕವೆ ಐತೆ ಕಣಜ್ಜಿ. ಹುಡುಗ್ರು ಹಕ್ಕಿ ಹೊಡೆಯೋಕೆ ಮರದ ಕವೆ ಕಡ್ಕಂಡ್ ಬರ್ತಾರಲ್ಲ, ಅಂಗೇ ಎರಡು ಕವಲು. ಡಾಕ್ಟ್ರು ಅದನ್ನ ಮೊಣಕಾಲಿಗೆ ಟಕ್ ಅಂತ ಬಡೀತಾರೆ, ಗುಂಯ್ ಅಂತೈತೆ. ಅದರ ಬುಡಾನ ಕಿವಿ ಹಿಂದ್ಲ ಮೂಳೆಗೆ ಇಡ್ತಾರೆ. ಆಮೇಕೆ ಕವಲನ್ನ ಕಿವಿ ಮುಂದ್ಕೆ ಹಿಡೀತಾರೆ. ಎಲ್ಲಿ ಜೋರು, ಹಿಂದ್ಲೋ ಮುಂದ್ಲೋ ಅಂತ ಕೇಳ್ತಾರೆ. ಅಷ್ಟೇಯ."

"ನಿನ್ನ ಗಂಡ ಏನಂದ?"

"ಅವನೇನಂತಾನೆ, ಊಟ ಆಯ್ತು ಸ್ವಾಮಿ ಅಂದ."

ಕರಿಬಸಮ್ಮ ನಗಲಿಲ್ಲ. ಅವಳ ತಲೆ ಓಡುತ್ತಿತ್ತು. ಪರೀಕ್ಷೆ ಅಂದ ಮೇಲೆ ಪಾಸಾಗಬೇಕು. ಕಿವಿಯ ತೂತು ಇರುವುದು ಮುಂದೆ. ಮುಂದೆ ಜೋರಾಗಿ ಕೇಳಿದರೆ ಒಳ್ಳೆಯ ಕಿವಿ. ಮೂಳೆಯಲ್ಲಿ ಕೇಳುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೆ? ದೆವ್ವ ಮೆಟ್ಟಿದೆ ಅನ್ನುತ್ತಾರೆ. ಹಾಗಾಗಿ ದಾಕ್ಷಿಗೆ ಪಾಠ ಶುರುವಾಯಿತು: ಏನು ಕೇಳಿದರೂ ಕೇಳಿಸಿತು ಅನ್ನು, ಎಲ್ಲಿ ಅಂದರೆ ಮುಂದೆ ಅನ್ನು.

ಆಗ ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ. ಏರು ಬಂದರೆ ಜನ ಇಳಿದು ತಳ್ಳಬೇಕು, ಇಳಿಜಾರು ಬಂದರೆ ದೇವರನ್ನು ನೆನೆಯಬೇಕು. ಕೊರಟಗೆರೆ ಬಿಡುವಾಗ ಹುಟ್ಟಿದ ಕರು, ಬಸ್ಸು ಮಧುಗಿರಿ ಮುಟ್ಟುವ ಹೊತ್ತಿಗೆ ತಾನೇ ಒಂದು ಕರು ಹಾಕಿತ್ತು ಎಂದು ಕರಿಬಸಮ್ಮ ಆಮೇಲೆ ಹೇಳುತ್ತಿದ್ದಳು. ಆ ಗಡಗಡ ಸದ್ದಿನ ನಡುವೆಯೇ ಅವಳು ಮೊಮ್ಮಗಳ ಎಡಗಿವಿಗೆ ಬಾಯಿಟ್ಟು ಪಾಠ ಒಪ್ಪಿಸಿಕೊಂಡಳು.

"ಎಲ್ಲಿ ಜೋರು ಅಂದ್ರೆ?"

"ಮುಂದೆ ಅಂತೀನಿ. ಮೆತ್ತಗೆ ಅಜ್ಜಿ, ಕೇಳಿಸ್ತೈತೆ. ಎಲ್ಲಾ ನೋಡ್ತಾವ್ರೆ."

"ಮನೇಲಿ ತಮಟೆ ಬಡಿದ್ರೂ ಕೇಳಲ್ಲ, ಈ ಗದ್ದಲದಾಗೆ ಕೇಳುತ್ತಾ ನಿಂಗೆ?"

"ಗದ್ದಲದಾಗೇ ಚೆಂದಾಗಿ ಕೇಳೋದು. ಎಲ್ರೂ ಕೂಗಿ ಮಾತಾಡ್ತಾರಲ್ಲ."

"ಅಂಗಾರೆ ನಿಮ್ಮತ್ತೆ ಅಡುಗೆ ಒಲೇನೂ ಈ ಬಸ್ಸಿನ ಬೆನ್ನಿಗೇ ಕಟ್ಟುಸ್ಬೇಕು!"

ಪಕ್ಕದ ಸೀಟಿನವರು ಗೊಳ್ಳೆಂದರು. ದಾಕ್ಷಿ ತಲೆ ತಗ್ಗಿಸಿದಳು. ಅವಳ ಮಾತೇ ಮೆಲು, ತನ್ನ ಧ್ವನಿ ತನಗೇ ಜೋರಾಗಿ ಕೇಳುತ್ತದೆ ಎನ್ನುತ್ತಿದ್ದಳು. ಸೆರಗಿನ ತುದಿ ಸುತ್ತುತ್ತಾ ಗಂಡನ ಮಾತು ತೆಗೆದಳು: "ಅವ್ರು ನಂಗೆ ಏನಾರ ಹೇಳ್ಬೇಕಂದ್ರೆ ಮುಂದ್ಕೆ ಬಂದು ನಿಂತ್ಕಂಡೇ ಹೇಳೋದು ಅಜ್ಜಿ. ಯಾವತ್ತೂ ಹಿಂದ್ಗಡೆಯಿಂದ ಕರ್ದಿಲ್ಲ."

ಶಂಕರಲಿಂಗಪ್ಪ ಕೆಟ್ಟ ಹುಡುಗನಲ್ಲ. ಆದರೆ ಅಪ್ಪನ ಎದುರು ಬಾಯಿ ಬಾರದು. "ಹೆಂಡ್ತಿಗೆ ಕಿವಿ ಇಲ್ಲ, ಗಂಡಂಗೆ ಬಾಯಿ ಇಲ್ಲ. ಜೋಡಿ ನಾನು ಸರಿಯಾಗೇ ಹುಡುಕಿದೀನಿ" ಎಂದಳು ಕರಿಬಸಮ್ಮ. ಹಾಗೆಂದರೂ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇಷ್ಟು ಗದ್ದಲದಲ್ಲಿ ಕೇಳುವವಳು ಡಾಕ್ಟರ ಕವೆಗೆ ಸೋಲುತ್ತಾಳೆಯೆ? ಪಾಸು ಖಂಡಿತ.

ಜಯರಾಮಯ್ಯ ಡಾಕ್ಟರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಸಿರಾದಿಂದ ಮಹಾಲಿಂಗಯ್ಯ, ಬಸವಮ್ಮ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಮಗನನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದರು. ಡಾಕ್ಟರು ದಾಕ್ಷಿಯ ಕಿವಿಯೊಳಗೆ ಇಣುಕಿ ನೋಡಿ ಮುಖ ಸಿಂಡರಿಸಿದರು.

"ಏನು ಸುರಿದಿದ್ದೀರಿ ಇದರೊಳಗೆ?"

"ಎಣ್ಣೆ ಕಣಪ್ಪ. ನಿಮ್ಮ ತಾವ ಬರ್ತೀವಿ ಅಂತ ನೆನ್ನೇನೂ ಒಂದ್ಸಲ ಬುಟ್ಟೆ, ಶುದ್ಧವಾಗಿರ್ಲಿ ಅಂತ" ಎಂದಳು ಕರಿಬಸಮ್ಮ.

ಡಾಕ್ಟರು ಹತ್ತಿಯಿಂದ ಒರೆಸಿದರು, ಮತ್ತೆ ಇಣುಕಿದರು. ಕಿವಿಯ ತಮಟೆ ತೂತಾಗಿಲ್ಲ, ಆದರೆ ಎಣ್ಣೆಯ ಜಿಡ್ಡಿನಲ್ಲಿ ಬೇರೇನೂ ತಿಳಿಯುತ್ತಿಲ್ಲ ಎಂದರು. ದಾಕ್ಷಿಯನ್ನು ಗೋಡೆಗೆ ಮುಖಮಾಡಿ ಕೂರಿಸಿ, ತಾವು ಕೋಣೆಯ ಇನ್ನೊಂದು ಮೂಲೆಗೆ ಹೋಗಿ, "ನಾನು ಹೇಳಿದ್ದನ್ನು ಹೇಳಮ್ಮ. ಬೆಲ್ಲ" ಎಂದರು.

ದಾಕ್ಷಿ ಸುಮ್ಮನೆ ಕೂತಿದ್ದಳು. ಕರಿಬಸಮ್ಮ ಕೆಮ್ಮಿದಳು.

"ಬೆಲ್ಲ ಅಂದ್ರಿ ಸ್ವಾಮಿ" ಎಂದಳು ಬಸವಮ್ಮ. "ನಂಗೆ ಕೇಳ್ತು. ಇವ್ಳಿಗೆ ಕೇಳಿಲ್ಲ. ನೋಡುದ್ರಾ, ನಾನು ಹೇಳ್ದೆ!"

"ನಿಮ್ಮ ಕಿವಿ ನೋಡಲು ನಾನು ಕೂತಿಲ್ಲಮ್ಮ. ಏನಮ್ಮ ಹುಡುಗಿ, ಕೇಳಿಸಿತಾ ಇಲ್ಲವಾ?"

"ಕೇಳಿಸ್ತಂತೆ" ಎಂದಳು ಕರಿಬಸಮ್ಮ.

"ಕೇಳಿಸ್ಲಿಲ್ವಂತೆ" ಎಂದಳು ಬಸವಮ್ಮ.

"ಅವಳೇ ಯಾಕೆ ಹೇಳಬಾರದು?"

ಆ ಪ್ರಶ್ನೆಗೆ ಮೂವರೂ ಡಾಕ್ಟರನ್ನು ಮಿಕಮಿಕ ನೋಡಿದರು. ಮಾವನ ಎದುರು ಸೊಸೆ ಬಾಯಿ ತೆರೆಯುವುದುಂಟೆ? ಮದುವೆಯಾದಾಗಿನಿಂದ ಮಹಾಲಿಂಗಯ್ಯ ಸೊಸೆಯ ಧ್ವನಿಯನ್ನೇ ಕೇಳಿರಲಿಲ್ಲ. ಅವಳು ಹೇಳಬೇಕಾದದ್ದನ್ನು ಅತ್ತೆ ಹೇಳಬೇಕು, ಅತ್ತೆಗೆ ಹೇಳಲು ಆಗದ್ದನ್ನು ನುಂಗಿಕೊಳ್ಳಬೇಕು. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿದ ಮೇಲೆ ಅವರು ಮಹಾಲಿಂಗಯ್ಯನನ್ನು ಹೊರಗೆ ಕೂರಲು ಹೇಳಿದರು.

"ಸೊಸೆ ನಮ್ಮೋಳು. ನಾನು ಇರಬಾರದಾ?" ಎಂದು ಗೊಣಗುತ್ತಾ ಮಹಾಲಿಂಗಯ್ಯ ಜಗಲಿಗೆ ಹೋಗಿ, ಕಿಟಕಿಯ ಸರಳುಗಳಿಗೆ ಮುಖ ಒತ್ತಿಕೊಂಡು ಕೂತ. ಹೊರಗೆ ಕಳಿಸಿದ್ದು ಬರೀ ಮೈಯನ್ನು. ದಾಕ್ಷಿ ಬಾಯಿ ತೆರೆಯಲಿಲ್ಲ. ಡಾಕ್ಟರು ಸೋತು, "ಸರಿಯಮ್ಮ, ಕೈಯಲ್ಲಾದರೂ ತೋರಿಸು" ಎಂದರು.

ಕವೆ ಹೊರಗೆ ಬಂತು. ಮೊಣಕಾಲಿಗೆ ಬಡಿದರು, ಗುಂಯ್ ಎಂದಿತು. ಬುಡವನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿದರು. ದಾಕ್ಷಿಯ ಮುಖ ಒಂದು ಗಳಿಗೆ ಅರಳಿತು, ಯಾರೋ ಬಹಳ ದಿನದ ಮೇಲೆ ಹೆಸರು ಹಿಡಿದು ಕರೆದ ಹಾಗೆ. ಆಮೇಲೆ ಕವಲನ್ನು ಕಿವಿಯ ಮುಂದೆ ಹಿಡಿದರು. ಎಲ್ಲಿ ಜೋರು ಎಂದು ಬಗ್ಗಿ ಗಟ್ಟಿಯಾಗಿ ಕೇಳಿದರು.

ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಣ್ಣಲ್ಲೇ ಮೂಗು ತೋರಿಸಿದಳು, ಅಂದರೆ ಮುಂದೆ. ದಾಕ್ಷಿ ಬೆರಳೆತ್ತಿ ಮುಂದೆ ತೋರಿಸಿದಳು. ಎಡಗಿವಿಗೂ ಹಾಗೇ ಆಯಿತು. ಕರಿಬಸಮ್ಮ ಬೀಗುತ್ತಾ ಬಸವಮ್ಮನ ಮೊಣಕೈ ತಿವಿದಳು.

ಡಾಕ್ಟರು ಕವೆಯನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು. "ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ."

ಕಿಟಕಿಯಿಂದ ಮಹಾಲಿಂಗಯ್ಯನ ಧ್ವನಿ ಬಂತು: "ಮುಗೀತಲ್ಲ. ಬಸವಮ್ಮಾ, ಏಳು."

"ಏನು ಮುಗ್ಯೋದು?" ಕರಿಬಸಮ್ಮ ಎದ್ದು ನಿಂತಳು. "ಎರಡು ಕಿವೀಗೂ ಮುಂದ್ಲೇ ಜೋರು ಅಂದ್ಲು! ನೂರಕ್ಕೆ ನೂರು! ಪಾಸಾದೋಳ್ನ ಫೇಲು ಮಾಡೋದು ಯಾವ ಸೀಮೆ ಪರೀಕ್ಷೆ ಸ್ವಾಮಿ?"

"ಇದು ಪರೀಕ್ಷೆಯಲ್ಲ ಅಜ್ಜಿ, ಅಳತೆ" ಎಂದರು ಡಾಕ್ಟರು. "ಕಿವಿಯನ್ನು ಒಂದು ಮನೆ ಅಂದುಕೊಳ್ಳಿ. ತಮಟೆ, ಅದರ ಹಿಂದಿರುವ ಪುಟ್ಟ ಮೂಳೆಗಳು, ಅದು ಬಾಗಿಲು. ಒಳಗಿರುವ ನರ, ಅದು ಮನೆಯವರು. ಬಾಗಿಲು ಬಿಗಿದುಕೊಂಡಿದ್ದರೆ ಮುಂದೆ ನಿಂತು ಕೂಗಿದ್ದು ಒಳಗೆ ಹೋಗುವುದಿಲ್ಲ. ಆದರೆ ಗೋಡೆಗೆ ಗುದ್ದಿದರೆ, ಅಂದರೆ ಮೂಳೆಗೆ ಕವೆ ಇಟ್ಟರೆ, ಒಳಗಿನವರಿಗೆ ಕೇಳುತ್ತದೆ. ಮೂಳೆಯಲ್ಲಿ ಜೋರು ಅಂದಿದ್ದರೆ ಬಾಗಿಲಿನ ತೊಂದರೆ, ಮೂಗಿನಿಂದ ಗಾಳಿ ಹಾಕಿ, ಔಷಧಿ ಕೊಟ್ಟು ಬಿಡಿಸಲು ನೋಡುತ್ತಿದ್ದೆ. ಇವಳು ಮುಂದೆ ಜೋರು ಅಂದಳು. ಅಂದರೆ ಬಾಗಿಲು ಸರಿಯಾಗಿದೆ. ಆದರೂ ನಾನು ಬೆಲ್ಲ ಅಂದದ್ದು ಕೇಳಲಿಲ್ಲ. ಹಾಗಾದರೆ ಒಳಗೆ ಕೇಳುವವರೇ ಇಲ್ಲ. ನಾನು ಏನು ಮಾಡಲಿ?"

ಕರಿಬಸಮ್ಮನ ಕಾಲಿನ ಕೆಳಗಿನ ನೆಲ ಅಲ್ಲಿಂದ ಪಾವಗಡದವರೆಗೂ ಬಿರಿಯಿತು.

"ಸುಳ್ಳು ಕಣಪ್ಪ!" ಎಂದು ಕೂಗಿದಳು. "ನಾನೇ ಹೇಳ್ಕೊಟ್ಟಿದ್ದು! ಲೇ ದಾಕ್ಷಿ, ನಿಜ ಬೊಗಳೇ, ಎಲ್ಲಿ ಜೋರಿತ್ತು?"

ದಾಕ್ಷಿ ಗಾಬರಿಯಿಂದ ಕಿವಿಯ ಹಿಂದೆ ಬೆರಳಿಟ್ಟಳು.

"ನೋಡಿ! ಹಿಂದ್ಲೇ!"

"ಹ್ಞೂಂ" ಎಂದಳು ಬಸವಮ್ಮ. "ಈಗ ಹಿಂದ್ಲು. ಇನ್ನೊಂದು ಗಳಿಗೆ ಬುಟ್ರೆ ಮೊಣಕಾಲಲ್ಲಿ ಕೇಳ್ತು ಅಂತಾಳೆ, ನೀವು ಹೂಂ ಅಂದ್ರೆ."

"ನನ್ನಾಣೆಗೂ ನಿಜ ಬೀಗಿತಿ!"

"ಇರುವೆ ಸೀನಿದ್ದಷ್ಟೇ ನಿಜ" ಎಂದ ಮಹಾಲಿಂಗಯ್ಯ ಕಿಟಕಿಯಿಂದ.

ಡಾಕ್ಟರು ಕವೆಯನ್ನು ಮತ್ತೆ ಮುಟ್ಟಲಿಲ್ಲ. "ಈಗ ಯಾವ ಉತ್ತರ ಬೇಕು ಅಂತ ನಿಮಗೆಲ್ಲ ಗೊತ್ತಾಯಿತು. ಇನ್ನು ಸಂಜೆಯವರೆಗೆ ಬಡಿದರೂ ಹಿಂದೆ ಅಂತಲೇ ಹೇಳುತ್ತಾಳೆ. ಅದನ್ನು ನಾನು ಹೇಗೆ ನಂಬಲಿ? ಮೊದಲು ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಅಳತೆಗೋಲನ್ನೇ ಮುರಿದಿಟ್ಟಿರಿ ಅಜ್ಜಿ."

ಕರಿಬಸಮ್ಮನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಜೀವಮಾನವಿಡೀ ಅವಳು ಹೇಳಿದ ಸುಳ್ಳಿಗೆ ಜನ ನಕ್ಕು ತಲೆಯಾಡಿಸಿದ್ದರು. ಇವತ್ತು ಒಂದೇ ಒಂದು ನಿಜ ಹೇಳಿದರೆ ಒಬ್ಬರೂ ಕೊಳ್ಳುವವರಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಮುನಿಯಮ್ಮನ ಮೇಲೋ, ಕವೆಯ ಮೇಲೋ, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆಯೇ ಒಪ್ಪಿಸಿದ ಈ ಪೆದ್ದು ಮೊಮ್ಮಗಳ ಮೇಲೋ? ಬಸವಮ್ಮ ಆಗಲೇ ಕೈಚೀಲ ಎತ್ತಿಕೊಂಡಿದ್ದಳು. ದಾಕ್ಷಿ ಯಾರ ತುಟಿ ನೋಡಬೇಕೋ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದು ಥರ ಅಳೀರಪ್ಪ" ಎಂದಳು ಕರಿಬಸಮ್ಮ, ಮೊದಲ ಸಲ ಮೆಲ್ಲಗೆ. "ನಂಗೆ ಗೊತ್ತಿಲ್ದೆ ಇರೋ ಥರ ಯಾವ್ದಾನಾ ಇದ್ರೆ."

ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿದರು. ಕವೆ ತೆಗೆದುಕೊಂಡು ಜಗಲಿಗೆ ಹೋಗಿ, ಬಾಗಿಲು ಎಳೆದುಕೊಂಡು, ಕಿಟಕಿಯ ಕದವನ್ನೂ ಮುಚ್ಚಿದರು. ಕರಿಬಸಮ್ಮ ಬಾಗಿಲಿಗೆ ಕಿವಿ ಆನಿಸಿದಳು. ಆದರೆ ಏನು ಕೇಳೀತು, ಬೆನ್ನ ಹಿಂದೆ ಬಸವಮ್ಮ, "ನಮ್ಮ ಕರ್ಮ, ನಮ್ಮ ಮನೆ ಕರ್ಮ" ಎಂದು ಒಂದೇ ಸಮ ರಾಗ ಎಳೆಯುತ್ತಿದ್ದಳು. "ಒಸಿ ಸುಮ್ಕಿರ್ರಮ್ಮ!" ಎಂದು ಅಂಗಲಾಚಿದಷ್ಟೂ ರಾಗ ಉದ್ದವಾಯಿತು.

ಜಗಲಿಯಲ್ಲಿ ನಡೆದದ್ದು ಕರಿಬಸಮ್ಮನಿಗೆ ಆಮೇಲೆ ತಿಳಿಯಿತು. ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಡಾಕ್ಟರು ಮಹಾಲಿಂಗಯ್ಯನಿಗೆ, "ಈ ಸಲ ಕವೆಯನ್ನು ನಡುಹಣೆಗೆ ಇಡುತ್ತೇನೆ. ಎರಡು ಕಿವಿಯಲ್ಲಿ ಯಾವ ಕಡೆ ಕೇಳುತ್ತದೆ ಎಂದು ಕೇಳುತ್ತೇನೆ. ನರ ಸತ್ತಿದ್ದರೆ ಸದ್ದು ವಾಸಿಯಿರುವ ಕಿವಿಗೆ ಹೋಗುತ್ತದೆ, ಎಡಕ್ಕೆ. ಬಾಗಿಲು ಬಿಗಿದಿದ್ದರೆ ಹೆಚ್ಚು ಕೆಟ್ಟ ಕಿವಿಗೇ ಹೋಗುತ್ತದೆ, ಬಲಕ್ಕೆ" ಎಂದರು.

"ಕೆಟ್ಟ ಕಿವೀಗೆ ಜೋರಾಗಿ ಕೇಳ್ತೈತಾ? ಇದ್ಯಾವ ನ್ಯಾಯ ಸ್ವಾಮಿ?"

"ಒಂದು ಕಿವಿ ಬೆರಳಿನಿಂದ ಮುಚ್ಚಿಕೊಳ್ಳಿ."

ಮಹಾಲಿಂಗಯ್ಯ ಬಲಗಿವಿಗೆ ಬೆರಳು ತುರುಕಿಕೊಂಡ. ಡಾಕ್ಟರು ಕವೆ ಬಡಿದು ಅವನ ಹಣೆಯ ವಿಭೂತಿಯ ಮೇಲೆ ಬುಡ ಇಟ್ಟರು. ಮಹಾಲಿಂಗಯ್ಯನ ಕಣ್ಣು ಗೋಲಿಯಾಯಿತು. "ಅರೆ ಇವ್ನ! ಮುಚ್ಚಿದ ಕಡೀಕೇ ಬಂತು!" ಎಡಗಿವಿಗೆ ಬೆರಳು ಹಾಕಿಕೊಂಡು ಇನ್ನೊಮ್ಮೆ ಇಡಿಸಿಕೊಂಡ. ಸದ್ದು ಎಡಕ್ಕೆ ಬಂತು. ಇನ್ನೂ ಒಂದು ಸಲ ಬೇಕು ಎಂದ. ಡಾಕ್ಟರು ಸಾಕು ಎಂದರು.

"ಸುಳ್ಳು ಹೇಳೋರಾದ್ರೆ ಒಳ್ಳೆ ಕಿವಿ ಕಡೀಕೇ ತೋರಿಸ್ತಾರೆ, ಅಲ್ವಾ ಸ್ವಾಮಿ?" ಎಂದ ಮಹಾಲಿಂಗಯ್ಯ ನಿಧಾನವಾಗಿ. "ಕೆಟ್ಟ ಕಿವೀಗೆ ಕೇಳ್ತು ಅಂತ ಯಾವ ಸುಳ್ಳುಗಾರನ ತಲೇಗೂ ಹೊಳೆಯಲ್ಲ."

"ಅದಕ್ಕೇ ಇದು. ಒಳಗೆ ಯಾರಿಗೂ ಹೇಳಬೇಡಿ."

"ಬಲಕ್ಕೆ ತೋರಿಸಿದ್ರೆ ಕರ್ಕಂಡು ಹೋಗ್ತೀನಿ. ಎಡಕ್ಕಾದ್ರೆ ಪಾವಗಡ" ಎಂದು ಮಹಾಲಿಂಗಯ್ಯ ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಂದ. ಈ ಸಲ ಕಣ್ಣಾರೆ ನೋಡಬೇಕು ಎಂದು ಕೋಣೆಯಲ್ಲೇ ಕೂತ.

ಡಾಕ್ಟರು ದಾಕ್ಷಿಯ ಎದುರು ನಿಂತು, ತುಟಿ ಕಾಣುವಂತೆ ಬಿಡಿಬಿಡಿಯಾಗಿ ಹೇಳಿದರು: "ಯಾವ ಕಿವಿಯಲ್ಲಿ ಕೇಳುತ್ತೋ ಆ ಕಿವಿ ಮುಟ್ಟು. ಅಷ್ಟೇ."

ಕರಿಬಸಮ್ಮ ಬೆಂಚಿನ ಮೇಲೆ ಕೂತು ಲೆಕ್ಕ ಹಾಕತೊಡಗಿದಳು. ಯಾವ ಕಿವಿ ಸರಿ? ಎಡಗಿವಿ ವಾಸಿ, ಹಾಗಾದರೆ ಎಡಗಿವಿ ಎನ್ನುವುದೇ ಸರಿ. ಅದರಲ್ಲಿ ಏನು ಅನುಮಾನ? ಆದರೆ ಮುಂದೆ ಎನ್ನುವುದರಲ್ಲೂ ಅನುಮಾನ ಇರಲಿಲ್ಲವಲ್ಲ, ಅದೇ ಕುತ್ತಿಗೆ ಹಿಸುಕಿತು. ಹಾಗಾದರೆ ಬಲವೋ? ಕೇಳದ ಕಿವಿಯಲ್ಲಿ ಕೇಳಿತು ಅಂದರೆ ನಗುವುದಿಲ್ಲವೆ? ಬೀಗರ ಮುಖ ನೋಡಿದಳು, ಅದು ಸಿರಾ ಕೋಟೆಯ ಗೋಡೆಯಂತೆ ನಿಂತಿತ್ತು. ಡಾಕ್ಟರ ಮುಖ ನೋಡಿದಳು, ಅಲ್ಲೂ ಏನಿಲ್ಲ. ಹೇಳಿಕೊಡಲು ನಾಲಿಗೆ ತುರಿಸುತ್ತಿತ್ತು, ಏನು ಹೇಳಿಕೊಡಬೇಕು ಎಂದು ಮಾತ್ರ ಶಿವಾ ಅಂದರೂ ಹೊಳೆಯುತ್ತಿಲ್ಲ. ಅಂಥ ಅವಸ್ಥೆಯನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಕವೆ ಮೊಣಕಾಲಿಗೆ ಬಡಿಯಿತು. ಹಣೆಯ ವಿಭೂತಿಯ ನಡುವೆ ಅದರ ಬುಡ ಕೂತಿತು.

ದಾಕ್ಷಿ ಎಂದಿನಂತೆ ಅಜ್ಜಿಯ ಕಡೆ ತಿರುಗಿದಳು. ಕೂಸಾಗಿದ್ದಾಗ ಯಾರಾದರೂ ನಿನ್ನ ಹೆಸರೇನು ಎಂದು ಕೇಳಿದರೂ ಹೀಗೇ ತಿರುಗುತ್ತಿದ್ದಳು. ಕರಿಬಸಮ್ಮನ ಕೈ ತಾನಾಗಿಯೇ ಎಡಗಿವಿಯ ಕಡೆ ಅರ್ಧ ಎದ್ದಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು, ತೊಡೆಯ ಮೇಲೆ ಒತ್ತಿ, ಅದರ ಮೇಲೆ ಕೂತಷ್ಟು ಭಾರ ಹಾಕಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಕಣ್ಣು ಏನಾದರೂ ಹೇಳಿಬಿಟ್ಟೀತು ಎಂದು ಹೆದರಿ, ಇಡೀ ಮೈಯನ್ನೇ ತಿರುಗಿಸಿ ಗೋಡೆಗೆ ಮುಖ ಮಾಡಿದಳು.

ಬೆನ್ನ ಹಿಂದೆ ಒಂದು ಬಳೆ ಸದ್ದಾಯಿತು. ದಾಕ್ಷಿ ಕೈ ಎತ್ತಿದ್ದಳು. ಬಸವಮ್ಮ "ಅಯ್ಯೋ" ಎಂದಳು. ಮಹಾಲಿಂಗಯ್ಯ ಎದ್ದು ನಿಂತ.

ಕೈ ಯಾವ ಕಿವಿಯನ್ನು ಮುಟ್ಟಿತು ಅಂತೀರಿ? ಕರಿಬಸಮ್ಮ ಇನ್ನೂ ಗೋಡೆ ನೋಡುತ್ತಲೇ ಕೂತಿದ್ದಾಳೆ, ಅವಳನ್ನು ಕೇಳಿ ಪ್ರಯೋಜನವಿಲ್ಲ. ಸಂಜೆಯ ಸಿರಾ ಬಸ್ಸನ್ನು ಯಾರು ಯಾರು ತಳ್ಳಿದರು, ಯಾರು ಹತ್ತಿದರು, ನೀವೇ ಹೇಳಿ ನೋಡೋಣ.